ಮೌತ್ ಆರ್ಗನ್ನಿನಲ್ಲಿ ಇಲ್ಲದ ಸ್ವರ

ಕಳೆದ ತಿಂಗಳು ಬೆಂಗಳೂರಿನಲ್ಲಿರುವ ಮೊಮ್ಮಗಳು ದೂರವಾಣಿ ಮಾಡಿ, "ಅಜ್ಜಾ, ಒಂದು ಮೌತ್ ಆರ್ಗನ್ ತಗೋಬೇಕು. ಕೋಮಲ, ತೀವ್ರ ಎಲ್ಲಾ ಸ್ವರಾನೂ ಸುಲಭವಾಗಿ ಬರಬೇಕು. ಯಾವುದು ತಗೊಳ್ಳಲಿ?" ಎಂದು ಕೇಳಿದಳು. ಅವಳು ನಾಲ್ಕು ವರ್ಷಗಳಿಂದ ಹಿಂದುಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಇತಿಹಾಸ ಪಾಠ ಹೇಳಿ ನಿವೃತ್ತನಾದ ನನ್ನನ್ನು ಈ ಪ್ರಶ್ನೆ ಕೇಳಲು ಕಾರಣ, ನಿವೃತ್ತಿಯ ನಂತರ ನಾನು ಪೇಟಿ ಕಲಿಯತೊಡಗಿದ್ದು. "ಬಲತುದಿಯಲ್ಲಿ ಗುಂಡಿ ಇರುವುದನ್ನು ತೆಗೆದುಕೋ" ಎಂಬ ಒಂದು ಮಾತಿನಲ್ಲಿ ಉತ್ತರ ಮುಗಿಯುತ್ತಿತ್ತು. ಮುಗಿಸಿಯೂ ಬಿಟ್ಟೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಆ ಒಂದು ಮಾತು ನನಗೆ 1977ರಲ್ಲಿ ತಿಳಿದಿದ್ದರೆ ಒಬ್ಬ ಹುಡುಗನಿಗೆ ಅನ್ಯಾಯವಾಗುತ್ತಿರಲಿಲ್ಲ. ಆ ಸಂಗತಿಯನ್ನೂ ಅದರ ಹಿಂದಿರುವ ಇತಿಹಾಸವನ್ನೂ ಇಲ್ಲಿ ಬರೆದಿಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಆ ದಿನ ನೆನಪಿದ್ದರೂ ಇರಬಹುದು.

ಆಗ ಬ್ಯಾಡಗಿ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ನಾನು ಮಾಸ್ತರಿಕೆಗೆ ಸೇರಿ ಕೆಲವೇ ವರ್ಷಗಳಾಗಿದ್ದವು. 1975ರ ಆಗಸ್ಟ್ 15ರಂದು ತೆರೆಗೆ ಬಂದ 'ಶೋಲೆ' ಚಿತ್ರವು ನಮ್ಮ ಕಡೆಯ ಊರುಗಳಿಗೆ ತಡವಾಗಿ ಬಂದರೂ, ಬಂದ ಮೇಲೆ ಹುಡುಗರ ತಲೆ ಕೆಡಿಸಿತ್ತು. ನಮ್ಮದೇ ರಾಜ್ಯದ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ಆ ಕಥೆಯಲ್ಲಿ ಅಮಿತಾಭ್ ಬಚ್ಚನ್ ಸಂಜೆಯ ಹೊತ್ತು ಮೆಟ್ಟಿಲ ಮೇಲೆ ಕುಳಿತು ಮೌತ್ ಆರ್ಗನ್ ನುಡಿಸುವ ದೃಶ್ಯವನ್ನು ಯಾರು ಮರೆತಾರು? ತೆರೆಯ ಹಿಂದೆ ಅದನ್ನು ನುಡಿಸಿದವರು ಭಾನು ಗುಪ್ತ. ಅದಕ್ಕೂ ಮೊದಲು 1964ರ 'ದೋಸ್ತಿ' ಚಿತ್ರದಲ್ಲಿ ಕಾಲು ಊನವಾದ ಬಾಲಕ ನುಡಿಸುವ ಮೌತ್ ಆರ್ಗನ್ನಿನ ದನಿ ರಾಹುಲ್ ದೇವ್ ಬರ್ಮನ್ ಅವರದು. ಈ ಚಿತ್ರಗಳ ನಂತರ ಜಾತ್ರೆಯ ಅಂಗಡಿಗಳಲ್ಲಿ ಬಳೆ, ಪೀಪಿ, ತಗಡಿನ ಮೋಟಾರುಗಳ ಜೊತೆ ಮೌತ್ ಆರ್ಗನ್ನುಗಳೂ ತೂಗಾಡತೊಡಗಿದವು.

ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗ ಅಂಥದೊಂದನ್ನು ಕೊಂಡಿದ್ದ. ಹೆಸರು ಬರೆಯುವುದಿಲ್ಲ. ಅವನ ತಂದೆ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ನಮ್ಮ ಊರಿನಲ್ಲಿ ಮೌತ್ ಆರ್ಗನ್ ಕಲಿಯುವವನಿಗೆ ಬೇರೆ ಊರುಗಳಲ್ಲಿ ಇಲ್ಲದ ಕಷ್ಟವೊಂದುಂಟು. ಕೊಳಲನ್ನು ಊದಿದರೆ ಸಾಕು, ಮೌತ್ ಆರ್ಗನ್ನಿನಲ್ಲಿ ಅರ್ಧ ಸ್ವರಗಳು ಉಸಿರನ್ನು ಒಳಕ್ಕೆ ಎಳೆದಾಗ ಬರುತ್ತವೆ. ಸುಗ್ಗಿಯ ದಿನಗಳಲ್ಲಿ ಪೇಟೆಯ ಹತ್ತಿರ ನಿಂತು ಹಾಗೆ ಎಳೆದವನಿಗೆ ಸ್ವರದ ಬದಲು ಕೆಮ್ಮು ಬರುವುದೇ ಖಚಿತ! ಅದಕ್ಕಾಗಿ ಆ ಹುಡುಗ ರೈಲು ನಿಲ್ದಾಣದ ಆಚೆಗೆ ಹೋಗಿ ಅಭ್ಯಾಸ ಮಾಡುತ್ತಿದ್ದನಂತೆ. ಕಲಿಸುವವರಿಲ್ಲದೆ, ಕೇಳಿ ಕೇಳಿಯೇ ನಾಲ್ಕಾರು ಹಾಡುಗಳನ್ನು ಕಲಿತಿದ್ದ.

1977ರ ಸ್ವಾತಂತ್ರ್ಯ ದಿನಾಚರಣೆಗೆ ರಾಷ್ಟ್ರಗೀತೆಯನ್ನು ಮೌತ್ ಆರ್ಗನ್ನಿನಲ್ಲಿ ನುಡಿಸುತ್ತೇನೆಂದು ಅವನು ತಾನಾಗಿ ಬಂದು ಕೇಳಿದ. ಕಾರ್ಯಕ್ರಮದ ಹೊಣೆ ನನ್ನದಾಗಿತ್ತು. ಮೂರು ದಿನ ಮೊದಲು ಶಾಲೆಯ ಅಂಗಳದಲ್ಲಿ ನುಡಿಸಿ ತೋರಿಸಿದ. ಆರಂಭ ಸೊಗಸಾಗಿತ್ತು. ನಾಡುಗಳ ಹೆಸರು ಬರುವ ಸಾಲಿಗೆ ಬಂದಾಗ ಒಂದು ಕಡೆ ಅಪಸ್ವರ ಬಂತು. ಮತ್ತೊಮ್ಮೆ ನುಡಿಸು ಎಂದೆ. ಮತ್ತೆ ಅದೇ ಜಾಗದಲ್ಲಿ ಅದೇ ಅಪಸ್ವರ. ಮೂರನೆಯ ಸಲ ಅವನು ಆ ಸ್ವರವನ್ನೇ ಬಿಟ್ಟು ಮುಂದೆ ಹಾರಿದ. ರಾಷ್ಟ್ರಗೀತೆಯಲ್ಲಿ ಹೀಗೆ ಹಾರುವುದು ನನಗೆ ಸಹಿಸಲಾಗಲಿಲ್ಲ. ಗದರಿಸಿದೆ. ಅವನು ತಲೆ ತಗ್ಗಿಸಿ, "ಆ ಸ್ವರಾನ ಇದರಾಗ ಇಲ್ರೀ ಸರ್" ಎಂದ. ನಾನು ತಕ್ಷಣ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ. ಸುತ್ತ ನಿಂತಿದ್ದ ಹುಡುಗರೆಲ್ಲ ನಕ್ಕರು. ಆಗಸ್ಟ್ 15ರಂದು ಗೀತೆಯನ್ನು ಎಂದಿನಂತೆ ಎಲ್ಲರೂ ಸೇರಿ ಹಾಡಿದೆವು. ಆ ಹುಡುಗ ಮೌತ್ ಆರ್ಗನ್ನನ್ನು ಮತ್ತೆ ಶಾಲೆಗೆ ತರಲಿಲ್ಲ.

ಏಳು ವರ್ಷಗಳ ನಂತರ, 1984ರ ಶ್ರಾವಣದಲ್ಲಿ, ಹತ್ತಿರದ ಒಂದು ಮಠದ ಭಜನೆಗೆ ಹೋಗಿದ್ದೆ. ಭಜನೆಗೆ ಮುಂಚೆ ಅಲ್ಲಿನ ವೃದ್ಧ ಪೇಟಿ ಮಾಸ್ತರರು ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಆಗಸ್ಟ್ 15ಕ್ಕೆಂದು ರಾಷ್ಟ್ರಗೀತೆಯನ್ನು ಪೇಟಿಯ ಮೇಲೆ ಕಲಿಸುತ್ತಿದ್ದರು. ಯೌವನದಲ್ಲಿ ನಾಟಕ ಕಂಪನಿಗಳಲ್ಲಿ ಕಾಲುಪೇಟಿ ನುಡಿಸಿದ್ದವರು ಅವರು. ಒಬ್ಬ ಹುಡುಗ ಬಿಳಿ ಪಟ್ಟಿಗಳನ್ನೇ ಒತ್ತುತ್ತ ಹೋದ. ನಾಡುಗಳ ಹೆಸರಿನ ಸಾಲು ಬಂತು. ಅದೇ ಜಾಗದಲ್ಲಿ ನನ್ನ ಕಿವಿಗೆ ಪರಿಚಿತವಾದ ಅದೇ ಅಪಸ್ವರ! ಮಾಸ್ತರರು ಅವನ ಬೆರಳನ್ನು ಹಿಡಿದು ಮೇಲಕ್ಕೆ ಸರಿಸಿ, "ಅಲ್ಲೋ ತಮ್ಮಾ, ಇಲ್ಲಿ ಬಿಳಿ ಅಲ್ಲ, ಕರಿ ಪಟ್ಟಿ" ಎಂದರು. ಗೀತೆ ಸರಾಗವಾಗಿ ಮುಂದುವರಿಯಿತು.

ನಾನು ಅವರ ಪಕ್ಕಕ್ಕೆ ಹೋಗಿ ಕುಳಿತು, "ಕರಿ ಪಟ್ಟಿನೇ ಇಲ್ಲದ ವಾದ್ಯದಾಗ ಇದನ್ನ ನುಡಸಾಕ ಬರತೈತೇನ್ರೀ?" ಎಂದು ಕೇಳಿದೆ. "ಹ್ಯಾಂಗ ಬರತೈತ್ರೀ ಮಾಸ್ತರ? ಇಲ್ಲದ ಸ್ವರ ಎಲ್ಲಿಂದ ತರೂದು?" ಎಂದರು. ಅಂದು ಭಜನೆ ಎರಡು ತಾಸು ನಡೆಯಿತು. ನನಗೆ ಒಂದು ಹಾಡೂ ಕಿವಿಗೆ ಬೀಳಲಿಲ್ಲ.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರವೀಂದ್ರನಾಥ ಠಾಕೂರರ ನಮ್ಮ ರಾಷ್ಟ್ರಗೀತೆ ಮೊದಲು ಹಾಡಲ್ಪಟ್ಟದ್ದು 1911ರ ಡಿಸೆಂಬರ್ 27ರಂದು, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ. ಸಂವಿಧಾನ ಸಭೆ ಅದನ್ನು ರಾಷ್ಟ್ರಗೀತೆಯಾಗಿ ಅಂಗೀಕರಿಸಿದ್ದು 1950ರ ಜನವರಿ 24ರಂದು. ಪೂರ್ಣ ಗೀತೆಗೆ ಸುಮಾರು 52 ಸೆಕೆಂಡು. ಅದರ ಧಾಟಿ ಬಿಲಾವಲ್ ರಾಗದ ನೆರಳಿನಲ್ಲಿದೆ; ಎಂದರೆ ಬಹುತೇಕ ಎಲ್ಲವೂ ಶುದ್ಧ ಸ್ವರಗಳು. ಷಡ್ಜವನ್ನು ಪೇಟಿಯ ಮೊದಲ ಬಿಳಿ ಪಟ್ಟಿಗೆ ಇಟ್ಟುಕೊಂಡರೆ ಇಡೀ ಗೀತೆಯನ್ನು ಬಿಳಿ ಪಟ್ಟಿಗಳ ಮೇಲೆಯೇ ನುಡಿಸಬಹುದು, ಒಂದು ಜಾಗವನ್ನು ಬಿಟ್ಟು. ನಾಡುಗಳ ಹೆಸರು ಬರುವ ಮೊದಲ ಸಾಲಿನ ಕೊನೆಯಲ್ಲಿ ರಾಗವು ಪಂಚಮದ ಮೇಲೆ ನಿಂತಿದ್ದು, ಕೆಳಗೆ ತೀವ್ರ ಮಧ್ಯಮವನ್ನು ಮುಟ್ಟಿ, ಮೇಲೆ ಧೈವತಕ್ಕೆ ಹೋಗಿ, ಪಂಚಮಕ್ಕೆ ಮರಳುತ್ತದೆ. ಮರುಕ್ಷಣವೇ, ಮುಂದಿನ ನಾಡಿನ ಹೆಸರಿಗೆ, ಶುದ್ಧ ಮಧ್ಯಮ ಬರುತ್ತದೆ. ಎರಡು ಮಧ್ಯಮಗಳು ಹೀಗೆ ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ. ಹಾಡುವ ನಾವು ಇದನ್ನು ಗಮನಿಸುವುದೇ ಇಲ್ಲ. ಗಂಟಲಿಗೆ ಎಲ್ಲ ಸ್ವರಗಳೂ ಉಂಟು. ಆ ಹುಡುಗನ ಮೌತ್ ಆರ್ಗನ್ನಿಗೆ ಅವುಗಳಲ್ಲಿ ಒಂದೇ ಮಧ್ಯಮವಿತ್ತು.

ಏಕೆ ಹಾಗೆ? ಇದಕ್ಕೆ ಉತ್ತರ ಇತಿಹಾಸದಲ್ಲಿದೆ.

ಪೇಟಿ ಮತ್ತು ಮೌತ್ ಆರ್ಗನ್ ಒಂದೇ ತಾಯಿಯ ಮಕ್ಕಳು. ಎರಡರಲ್ಲೂ ನುಡಿಯುವುದು ತೆಳುವಾದ ಲೋಹದ ನಾಲಗೆ, ಅಂದರೆ ರೀಡು. ಒಂದು ತುದಿ ಭದ್ರವಾಗಿ ಕೂಡಿಸಿದ್ದು, ಇನ್ನೊಂದು ತುದಿ ತನ್ನ ಸೀಳಿನಲ್ಲಿ ಆಚೀಚೆ ಬಡಿದಾಡದೆ ಕಂಪಿಸುತ್ತದೆ. ಈ ತತ್ತ್ವದ ಅತ್ಯಂತ ಹಳೆಯ ವಾದ್ಯಗಳಲ್ಲಿ ಒಂದು ಚೀನಾದ ಶೆಂಗ್. 18ನೆಯ ಶತಮಾನದಲ್ಲಿ ಅದರ ಪರಿಚಯ ಯುರೋಪಿಗೆ ಆಯಿತು. 1820ರ ದಶಕದಲ್ಲಿ ಜರ್ಮನ್ ಭಾಷೆಯ ನಾಡುಗಳಲ್ಲಿ ಬಾಯಿಂದ ಊದುವ ಚಿಕ್ಕ ರೀಡು ವಾದ್ಯಗಳು ಹುಟ್ಟಿಕೊಂಡವು. ಟ್ರೊಸಿಂಗೆನ್ ಎಂಬ ಊರಿನ ಗಡಿಯಾರ ತಯಾರಕ ಮಥಿಯಾಸ್ ಹೋನರ್ 1857ರಲ್ಲಿ ಮನೆಯಲ್ಲೇ ಮೌತ್ ಆರ್ಗನ್ ಮಾಡಲು ಆರಂಭಿಸಿ, ಮೊದಲ ವರ್ಷ 650 ವಾದ್ಯಗಳನ್ನು ಮಾಡಿದನೆಂದು ಹೇಳುತ್ತಾರೆ. ಮುಂದೆ ಅವನ ಹೆಸರಿನ ಕಾರ್ಖಾನೆ ಜಗತ್ತಿಗೇ ವಾದ್ಯ ಕಳಿಸಿತು.

ಅಲ್ಲಿನ ಜನಕ್ಕೆ ಬೇಕಾಗಿದ್ದದ್ದು ತಮ್ಮ ಹಳ್ಳಿಯ ಹಾಡು, ಕುಣಿತದ ಧಾಟಿ. ಅವುಗಳಿಗೆ ಏಳು ಶುದ್ಧ ಸ್ವರಗಳು ಸಾಕು. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿ ಮೇಳ ಹಾಕಲು ಬಂದರೆ ಇನ್ನೂ ಸಂತೋಷ. ಹೀಗಾಗಿ ಹತ್ತು ರಂಧ್ರಗಳ ಸಾದಾ ವಾದ್ಯವನ್ನು ಊದಿದರೆ ಎಲ್ಲಿಂದ ಎಲ್ಲಿಗೂ ಸ, ಗ, ಪ ಮಾತ್ರ ಬರುವಂತೆ, ಉಳಿದ ಸ್ವರಗಳು ಎಳೆದಾಗ ಬರುವಂತೆ ಜೋಡಿಸಿದರು. ಈ ಜೋಡಣೆಯಲ್ಲಿ ಮಧ್ಯದ ಸಪ್ತಕವೊಂದೇ ಪೂರ್ಣ. ಕೆಳಗಿನ ಸಪ್ತಕದಲ್ಲಿ ಮ ಮತ್ತು ಧ ಇಲ್ಲ. ಮೇಲಿನದರಲ್ಲಿ ನಿ ಇಲ್ಲ. ಕೋಮಲ, ತೀವ್ರ ಸ್ವರಗಳ ಮಾತೇ ಬೇಡ. ಅದು ಆ ವಾದ್ಯದ ದೋಷವಲ್ಲ. ಆ ಜನಕ್ಕೆ ಬೇಕಾದುದನ್ನು ಅದು ಚೊಕ್ಕವಾಗಿ ಕೊಟ್ಟಿತು. ನಮ್ಮ ಜಾತ್ರೆಗಳಿಗೆ ಹೆಚ್ಚಾಗಿ ಬರುತ್ತಿದ್ದದ್ದು ಎರಡು ಸಾಲು ಚೌಕ ರಂಧ್ರಗಳಿರುವ ಇನ್ನೊಂದು ಬಗೆ. ಒಂದೊಂದು ಸ್ವರಕ್ಕೂ ಎರಡೆರಡು ರೀಡು, ಎರಡರ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಅದರಿಂದ ದನಿ ನಡುಗುತ್ತ ಇಂಪಾಗಿ ಕೇಳುತ್ತದೆ. ಆದರೆ ಅದರಲ್ಲೂ ಸ್ವರಗಳು ಏಳೇ.

ಇತ್ತ ಪೇಟಿಯ ಕಥೆ ಬೇರೆ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1842ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನಿಂದ ಹಕ್ಕುಪತ್ರ ಪಡೆದ ವಾದ್ಯಕ್ಕೆ ಪಿಯಾನೋದ ಹಾಗೆ ಬಿಳಿ, ಕರಿ ಎರಡೂ ಪಟ್ಟಿಗಳಿದ್ದವು. ಸಪ್ತಕಕ್ಕೆ ಹನ್ನೆರಡು ಸ್ವರ. ಪಾದ್ರಿಗಳ ಜೊತೆ ಅದು ಭಾರತಕ್ಕೆ ಬಂತು. ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಗಾಳಿ ತುಂಬುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವಂತೆ ಮಾರ್ಪಡಿಸಿದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ಅದು 19ನೆಯ ಶತಮಾನದ ಕೊನೆಯ ಭಾಗದ ಮಾತು. ಅಲ್ಲಿಂದ ಮರಾಠಿ ರಂಗಭೂಮಿಗೆ, ಅಲ್ಲಿಂದ ನಮ್ಮ ನಾಟಕ ಕಂಪನಿಗಳಿಗೆ. ಗರುಡ ಸದಾಶಿವರಾಯರು, ಏಣಗಿ ಬಾಳಪ್ಪನವರು ಮೊದಲಾದವರ ರಂಗದ ಮುಂದೆ ಕಾಲುಪೇಟಿಯಿಲ್ಲದೆ ನಾಂದಿಯೇ ಇರಲಿಲ್ಲ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ (1917–2010), ಧಾರವಾಡದ ಪಂಡಿತ ವಸಂತ ಕನಕಾಪುರ ಅವರಂಥವರು ಆ ಪೆಟ್ಟಿಗೆಯಿಂದ ಗಂಟಲಿನ ದನಿಯನ್ನೇ ಹೊರಡಿಸಿದರು. ನಮ್ಮ ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ಸಂಗೀತ ಕಲಿಸಿದಾಗ ಅಲ್ಲಿಯೂ ಪೇಟಿ ಇತ್ತು. ಕಣ್ಣಿಲ್ಲದ ಮಗುವಿನ ಬೆರಳು ಕರಿ ಪಟ್ಟಿಯ ಎತ್ತರವನ್ನು ಮುಟ್ಟಿ ಗುರುತಿಸುತ್ತದೆ. ಆ ಮಕ್ಕಳಿಗೆ ಕೈಗೆ ಸಿಕ್ಕ ಸ್ವರ, ಕಣ್ಣುಳ್ಳ ನಮ್ಮ ಹುಡುಗನ ಬಾಯಿಗೆ ಸಿಗಲಿಲ್ಲ.

ಪೇಟಿಗೂ ಬಹಿಷ್ಕಾರದ ಕಾಲವೊಂದಿತ್ತು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು; ಸಡಿಲಗೊಂಡದ್ದು 1971ರಲ್ಲಿ. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾದಾಗ ನಿಷೇಧ ಜಾರಿಯಲ್ಲಿಯೇ ಇತ್ತು. ಸ್ವತಃ ರವೀಂದ್ರರಿಗೂ ಹಾರ್ಮೋನಿಯಂ ಹಿಡಿಸುತ್ತಿರಲಿಲ್ಲ. ಆಕ್ಷೇಪವೇನೆಂದರೆ, ಅದರ ಹನ್ನೆರಡು ಸ್ವರಗಳು ಗೂಟ ಹೊಡೆದಂತೆ ನಿಂತಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಇಲ್ಲ, ಗಮಕವಿಲ್ಲ, ಶ್ರುತಿಯ ಸೂಕ್ಷ್ಮಗಳಿಲ್ಲ. ಆ ಆಕ್ಷೇಪದಲ್ಲಿ ಹುರುಳಿದೆ. ಹನ್ನೆರಡು ಸ್ವರಗಳ ನಡುವಿನ ಜಾಗ ಸಿಗದೆಂದು ದೊಡ್ಡವರು ವಾದ ಮಾಡುತ್ತಿದ್ದರು. ನಮ್ಮ ಹುಡುಗನಿಗೆ ಆ ಹನ್ನೆರಡರಲ್ಲಿ ಐದು ಸ್ವರಗಳೇ ಇರಲಿಲ್ಲ.

ಇಷ್ಟು ತಿಳಿದ ಮೇಲೆ ನಾನು ನನ್ನ ಸಮಾಧಾನಕ್ಕೆಂದು ಒಂದು ಲೆಕ್ಕ ಹಾಕಿದೆ. ಅವನು ಷಡ್ಜವನ್ನು ಬೇರೆ ರಂಧ್ರಕ್ಕೆ ಬದಲಿಸಿಕೊಂಡಿದ್ದರೆ ಆಗುತ್ತಿತ್ತೇ? ಏಳು ಬಿಳಿ ಪಟ್ಟಿಗಳಲ್ಲಿ ಷಡ್ಜವನ್ನು ಸರಿಸುತ್ತ ಹೋದರೆ ಹೊಸ ಹೊಸ ರಾಗಗಳು ಹುಟ್ಟುತ್ತವೆ. ನಮ್ಮ ಸಂಗೀತದಲ್ಲಿ ಇದಕ್ಕೆ ಮೂರ್ಛನೆ, ಗ್ರಹಭೇದ ಎಂಬ ಹೆಸರುಗಳುಂಟು. ಪಂಡಿತ ಭಾತಖಂಡೆಯವರು (1860–1936) ಹೇಳಿದ ಹತ್ತು ಥಾಟ್‌ಗಳಲ್ಲಿ ಆರು ಹೀಗೆ ದೊರೆಯುತ್ತವೆ. ಸ ಎಂಬುದರಿಂದಲೇ ಆರಂಭಿಸಿದರೆ ಬಿಲಾವಲ್, ರಿಷಭವನ್ನು ಷಡ್ಜ ಮಾಡಿಕೊಂಡರೆ ಕಾಫಿ, ಗಾಂಧಾರದಿಂದ ಭೈರವಿ, ಮಧ್ಯಮದಿಂದ ಕಲ್ಯಾಣ, ಪಂಚಮದಿಂದ ಖಮಾಜ್, ಧೈವತದಿಂದ ಆಸಾವರಿ. ಜಾಣನಾದವನು ಜಾತ್ರೆಯ ಮೌತ್ ಆರ್ಗನ್ನಿನಲ್ಲಿಯೂ ಭೈರವಿಯ ಒಂದು ಭಜನೆಯನ್ನು ನುಡಿಸಬಲ್ಲ. ಭೂಪ, ದುರ್ಗಾ ಮೊದಲಾದ ಐದು ಸ್ವರಗಳ ರಾಗಗಳಿಗೂ ಅಡ್ಡಿಯಿಲ್ಲ.

ಉಳಿದ ನಾಲ್ಕು ಮಾತ್ರ ಷಡ್ಜವನ್ನು ಎಲ್ಲಿ ಇಟ್ಟರೂ ಬಾರವು. ಅವು ಭೈರವ, ಪೂರ್ವಿ, ಮಾರವಾ, ತೋಡಿ. ಭೈರವಕ್ಕೆ ಸಮನಾದದ್ದು ದಕ್ಷಿಣಾದಿಯ ಮಾಯಾಮಾಳವಗೌಳ. ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಮೊದಲ ಪಾಠಗಳು ಇರುವುದು ಅದರಲ್ಲಿಯೇ. ಅಂದರೆ ಕರ್ನಾಟಕ ಸಂಗೀತದ ಮೊದಲ ದಿನದ ಸರಳೆ ವರಸೆಯನ್ನೂ ಈ ವಾದ್ಯ ನುಡಿಸಲಾರದು. ಇನ್ನು ರಾಷ್ಟ್ರಗೀತೆ. ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ತೀವ್ರ ಮಧ್ಯಮವೇನೋ ಸಿಗುತ್ತದೆ. ಆದರೆ ಆಗ ಶುದ್ಧ ಮಧ್ಯಮ ಕಳೆದುಹೋಗುತ್ತದೆ. ಉಳಿದ ಯಾವ ಸ್ವರದಿಂದ ಹೊರಟರೂ ತೀವ್ರ ಮಧ್ಯಮ ಶುದ್ಧ ಸ್ವರಗಳ ಜೊತೆ ಸೇರಿ ಬರುವುದಿಲ್ಲ. ಎರಡು ಮಧ್ಯಮಗಳು ಬೇಕಾದ ಹಾಡನ್ನು ಏಳು ಸ್ವರದ ವಾದ್ಯದಲ್ಲಿ ಯಾರೂ ನುಡಿಸಲಾರರು. ನೆಲ ನಿಜವಾಗಿಯೂ ಡೊಂಕಾಗಿತ್ತು.

ಹತ್ತು ರಂಧ್ರಗಳ ವಾದ್ಯದಲ್ಲಿ ಬಾಯಿಯ ಒಳಾಕಾರವನ್ನು ಬದಲಿಸಿ ಉಸಿರೆಳೆದು ಸ್ವರವನ್ನು ಬಾಗಿಸುವ ಒಂದು ಕೌಶಲ ಉಂಟು. ಅಮೆರಿಕದ ಕಪ್ಪು ಜನಾಂಗದ ಬ್ಲೂಸ್ ಕಲಾವಿದರು ಅದನ್ನು ದೊಡ್ಡ ಕಲೆಯಾಗಿ ಬೆಳೆಸಿದರು. ಅದರಿಂದ ಮಧ್ಯ ಸಪ್ತಕದ ಕೋಮಲ ರಿಷಭ, ಕೋಮಲ ಧೈವತ ಬರುತ್ತವೆ. ಅಲ್ಲಿನ ತೀವ್ರ ಮಧ್ಯಮ ಮಾತ್ರ ಹಾಗೆ ಬಾರದು. ಅದಕ್ಕೆ ಊದುವಾಗ ರೀಡನ್ನು ಮೇಲಕ್ಕೆ ಚಿಮ್ಮಿಸುವ ಇನ್ನೂ ಕಠಿಣವಾದ ವಿಧಾನ ಬೇಕು. ಅಮೆರಿಕದ ಹೋವರ್ಡ್ ಲೆವಿ ಎಂಬ ಕಲಾವಿದ 1970ರ ಆಸುಪಾಸಿನಿಂದ ಅದನ್ನು ರೂಢಿಗೆ ತಂದ. ಎರಡು ಸಾಲಿನ ಜಾತ್ರೆಯ ವಾದ್ಯದಲ್ಲಿ ಇವು ಯಾವುವೂ ಸಾಧ್ಯವಿಲ್ಲ. ಬ್ಯಾಡಗಿಯ ಹದಿನಾಲ್ಕು ವರ್ಷದ ಹುಡುಗನಿಂದ ನಾನು ಕೇಳಿದ್ದು ಎಂಥದ್ದೆಂದು ನೀವೇ ಯೋಚಿಸಿ.

ಈ ಕೊರತೆಯನ್ನು ವಾದ್ಯ ತಯಾರಕರು ಬಹಳ ಹಿಂದೆಯೇ ನೀಗಿಸಿದ್ದರು. 1920ರ ದಶಕದ ವೇಳೆಗೆ ಹೋನರ್ ಸಂಸ್ಥೆಯ ಹನ್ನೆರಡು ರಂಧ್ರಗಳ ಕ್ರೊಮ್ಯಾಟಿಕ್ ಮೌತ್ ಆರ್ಗನ್ ಬಳಕೆಗೆ ಬಂದಿತ್ತು. ಅದರ ಬಲತುದಿಯಲ್ಲಿ ಒಂದು ಗುಂಡಿ ಇರುತ್ತದೆ. ಒಳಗೆ ರಂಧ್ರಗಳನ್ನು ಕೊರೆದ ತೆಳುವಾದ ಲೋಹದ ಪಟ್ಟಿ. ಗುಂಡಿ ಒತ್ತದಿದ್ದಾಗ ಗಾಳಿ ಒಂದು ಸಾಲಿನ ರೀಡುಗಳಿಗೆ ಹೋಗುತ್ತದೆ. ಒತ್ತಿದಾಗ ಪಟ್ಟಿ ಸರಿದು ಆ ದಾರಿ ಮುಚ್ಚಿ, ಅರ್ಧ ಸ್ವರ ಮೇಲಿರುವ ಇನ್ನೊಂದು ಸಾಲಿಗೆ ದಾರಿ ತೆರೆಯುತ್ತದೆ. ಕೆರೆಯ ತೂಬಿನಲ್ಲಿ ಒಂದು ಕಾಲುವೆ ಮುಚ್ಚಿ ಇನ್ನೊಂದನ್ನು ತೆರೆದ ಹಾಗೆ. ಗುಂಡಿ ಬಿಟ್ಟರೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ತರುತ್ತದೆ. ಒಂದೊಂದು ರಂಧ್ರಕ್ಕೆ ನಾಲ್ಕು ರೀಡುಗಳು: ಊದಿದರೆ ಒಂದು, ಎಳೆದರೆ ಒಂದು, ಗುಂಡಿ ಒತ್ತಿ ಊದಿದರೆ, ಎಳೆದರೆ ಇನ್ನೆರಡು. ಹನ್ನೆರಡು ರಂಧ್ರಗಳಿಗೆ 48 ರೀಡು, ಮೂರು ಸಪ್ತಕ. ಹದಿನಾರು ರಂಧ್ರಗಳದ್ದಾದರೆ 64 ರೀಡು, ನಾಲ್ಕು ಸಪ್ತಕ. ಅಮೆರಿಕದ ಲ್ಯಾರಿ ಆಡ್ಲರ್ (1914–2001) ಈ ವಾದ್ಯವನ್ನು ಸಂಗೀತ ಸಭೆಗಳ ವೇದಿಕೆಗೆ ಏರಿಸಿದರು. ಇಂಗ್ಲೆಂಡಿನ ಹಿರಿಯ ಸಂಯೋಜಕ ವಾನ್ ವಿಲಿಯಮ್ಸ್ 1951ರಲ್ಲಿ ಅವರಿಗಾಗಿಯೇ ಒಂದು ಕೃತಿ ರಚಿಸಿದರು.

ಮೊಮ್ಮಗಳಿಗೆ ಎರಡನೆಯ ದಿನ ವಿವರವಾಗಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಮಕ್ಕಳು, ಮೊಮ್ಮಕ್ಕಳು ಕೇಳಿದಾಗ ಉಪಯೋಗಕ್ಕೆ ಬಂದೀತು.

ಮೊದಲನೆಯದು, ರಾಗ ನುಡಿಸುವ ಆಸೆಯಿದ್ದರೆ ಗುಂಡಿಯಿರುವ ಹನ್ನೆರಡು ರಂಧ್ರಗಳ ಕ್ರೊಮ್ಯಾಟಿಕ್ ವಾದ್ಯವನ್ನೇ ಕೊಳ್ಳಿ. ಹದಿನಾರು ರಂಧ್ರಗಳದ್ದು ಭಾರ, ಮಕ್ಕಳ ಬಾಯಿಗೆ ಉದ್ದ. ಸಿ ಶ್ರುತಿಯದಾಗಿರಲಿ. ಆಗ ಗುಂಡಿ ಮುಟ್ಟದೆ ಏಳು ಶುದ್ಧ ಸ್ವರಗಳು ಬರುತ್ತವೆ. ಯಮನ್‌ಗೆ ಮಧ್ಯಮದ ಮೇಲೆ ಮಾತ್ರ ಗುಂಡಿ ಒತ್ತಬೇಕು. ಭೈರವಿಗೆ ಕೋಮಲ ರಿಷಭಕ್ಕಾಗಿ ಷಡ್ಜದ ಮೇಲೆ, ಕೋಮಲ ಗಾಂಧಾರಕ್ಕಾಗಿ ರಿಷಭದ ಮೇಲೆ, ಕೋಮಲ ಧೈವತಕ್ಕಾಗಿ ಪಂಚಮದ ಮೇಲೆ, ಕೋಮಲ ನಿಷಾದಕ್ಕಾಗಿ ಧೈವತದ ಮೇಲೆ ಒತ್ತಬೇಕು. ಎಂದರೆ ಯಾವ ಸ್ವರದ ಕೋಮಲ ಬೇಕೋ ಅದರ ಕೆಳಗಿನ ಸ್ವರವನ್ನು ಹಿಡಿದು ಏರಿಸುವುದು. ಇದು ರೂಢಿಯಾಗಲು ನಾಲ್ಕಾರು ವಾರ ಬೇಕು.

ಎರಡನೆಯದು, ಅಂಗಡಿಯಲ್ಲಿ ಸಂಕೋಚಪಡದೆ ಪರೀಕ್ಷಿಸಿ. ಅಂಗಡಿಯವರು ಬಾಯಿ ಹಚ್ಚಲು ಬಿಡದಿದ್ದರೆ ಪರೀಕ್ಷೆಗೆಂದು ಇಟ್ಟಿರುವ ತಿದಿಯಿಂದ ನುಡಿಸಿ ತೋರಿಸಲು ಹೇಳಿ. 48 ದನಿಗಳನ್ನೂ ಒಂದೊಂದಾಗಿ ಕೇಳಿ. ಮೆಲ್ಲನೆ ಊದಿದರೂ ದನಿ ಬರಬೇಕು. ಗಾಳಿ ಸೋರುವ ವಾದ್ಯ ಉಸಿರನ್ನು ತಿನ್ನುತ್ತದೆ. ಗುಂಡಿಯನ್ನು ಹತ್ತು ಸಲ ಒತ್ತಿ ಬಿಡಿ, ಸಿಕ್ಕಿಕೊಳ್ಳದೆ ಹಿಂದಿರುಗಬೇಕು.

ಮೂರನೆಯದು, ಮರದ ಒಡಲಿಗಿಂತ ಪ್ಲಾಸ್ಟಿಕ್ಕಿನದು ಹೊಸಬರಿಗೆ ಮೇಲು. ಬಾಯಿಯ ತೇವಕ್ಕೂ ನಮ್ಮ ಮಳೆಗಾಲದ ಹವೆಗೂ ಮರ ಉಬ್ಬುತ್ತದೆ. ಈ ವಾದ್ಯದ ಒಳಗೆ ರೀಡುಗಳ ಮೇಲೆ ಗಾಳಿ ಉಳಿಸಲು ತೆಳುವಾದ ಪರೆಯಂಥ ಪಟ್ಟಿಗಳಿರುತ್ತವೆ. ವಾದ್ಯ ತಣ್ಣಗಿದ್ದರೆ ಉಸಿರಿನ ತೇವ ಕೂತು ಅವು ಅಂಟಿಕೊಳ್ಳುತ್ತವೆ. ಆದ್ದರಿಂದ ನುಡಿಸುವ ಮುಂಚೆ ಐದು ನಿಮಿಷ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ. ತಿಂಡಿ ತಿಂದ ಬಾಯಿ ಮುಕ್ಕಳಿಸದೆ ನುಡಿಸಬೇಡಿ. ಮೆಣಸಿನಕಾಯಿ ಪೇಟೆಯ ಹತ್ತಿರವಂತೂ ಜೇಬಿನಿಂದ ತೆಗೆಯಲೇಬೇಡಿ!

ನಾಲ್ಕನೆಯದು, ಕ್ರೊಮ್ಯಾಟಿಕ್ ವಾದ್ಯಕ್ಕೆ ಸಾದಾ ವಾದ್ಯದ ಹಲವು ಪಟ್ಟು ಬೆಲೆ. ಅಷ್ಟು ಹಣವಿಲ್ಲದವರಿಗೂ ಒಂದು ದಾರಿಯುಂಟು. ಎರಡು ಸಾಲಿನ ಸಾದಾ ವಾದ್ಯಗಳನ್ನೇ ಎರಡು ಕೊಳ್ಳುವುದು. ಒಂದು ಸಿ ಶ್ರುತಿಯದು, ಇನ್ನೊಂದು ಅದಕ್ಕಿಂತ ಅರ್ಧ ಸ್ವರ ಮೇಲಿನದು. ಒಂದರ ಮೇಲೊಂದು ಹಿಡಿದು, ಬೇಕಾದಾಗ ತುಟಿಯನ್ನು ಮೇಲಿನದಕ್ಕೆ ಏರಿಸುವುದು. ಎರಡೂ ಸೇರಿದರೆ ಹನ್ನೆರಡು ಸ್ವರಗಳು ಪೂರ್ಣವಾಗುತ್ತವೆ. ಜಪಾನ್, ಚೀನಾ ಮೊದಲಾದ ಪೂರ್ವ ದೇಶಗಳಲ್ಲಿ ಹೀಗೆಯೇ ನುಡಿಸುವ ಪದ್ಧತಿಯಿದೆ.

ಈ ನಾಲ್ಕನೆಯ ಮಾತನ್ನು ತಿಳಿದ ದಿನ ನನಗೆ ಹೆಚ್ಚು ನೋವಾಯಿತು. 1977ರಲ್ಲಿ ಆ ಹುಡುಗನಿಗೆ ಬೇಕಾಗಿದ್ದದ್ದು ಬೈಗುಳವಲ್ಲ, ಇನ್ನೊಂದು ಶ್ರುತಿಯ ಇನ್ನೊಂದು ಮೌತ್ ಆರ್ಗನ್. ನನ್ನ ಸಂಬಳದಲ್ಲಿ ಅದನ್ನು ಕೊಡಿಸುವುದು ಕಷ್ಟವೇನೂ ಆಗಿರಲಿಲ್ಲ. ಕೊಡಿಸದಿದ್ದರೂ, ಯಾವುದಾದರೊಂದು ಪೇಟಿಯ ಮುಂದೆ ಕರೆದೊಯ್ದು, "ನೀನು ಹೇಳಿದ್ದು ಸರಿಯೇ ನೋಡೋಣ" ಎನ್ನಬಹುದಿತ್ತು. ಇತಿಹಾಸದ ತರಗತಿಯಲ್ಲಿ ನಿಮಗೆಲ್ಲ ಏನು ಹೇಳುತ್ತಿದ್ದೆ? ಯಾರು ಹೇಳಿದರು ಎಂಬುದನ್ನು ನೋಡಬೇಡಿ, ಆಧಾರವೇನು ಎಂಬುದನ್ನು ನೋಡಿ ಎನ್ನುತ್ತಿದ್ದೆ. ಅವನ ಬಳಿ ಆಧಾರ ಕೈಯಲ್ಲೇ ಇತ್ತು. ಹಮಾಲಿಯ ಮಗ, ಜಾತ್ರೆಯ ವಾದ್ಯ, ಗುರುವಿಲ್ಲದ ವಿದ್ಯೆ. ಇವನಿಗೆ ಸ್ವರದ ವಿಚಾರ ಏನು ಗೊತ್ತು ಎಂಬ ತಾತ್ಸಾರ ನನ್ನಲ್ಲಿ ಇತ್ತೆಂದು ಈಗ ಒಪ್ಪಿಕೊಳ್ಳಲೇಬೇಕು. ಇಲ್ಲದ ಸ್ವರವನ್ನು ಇಲ್ಲವೆಂದು ಗುರುತಿಸಿದ ಅವನ ಕಿವಿ ನಮ್ಮ ಶಾಲೆಯಲ್ಲಿ ಆಗ ಬೇರೆ ಯಾರಿಗೂ ಇರಲಿಲ್ಲ. ಗಾದೆ ಮಾತು ಕೈಗೆ ಸಿಕ್ಕಿತೆಂದು ಬೀಸಿಬಿಟ್ಟೆ.

ಆ ಹುಡುಗ ಎಸ್.ಎಸ್.ಎಲ್.ಸಿ. ಆದ ಮೇಲೆ ಊರು ಬಿಟ್ಟ. ಮತ್ತೆ ಭೇಟಿಯಾಗಲಿಲ್ಲ. ಈಗ ಅವನಿಗೂ ಅರವತ್ತು ದಾಟಿರುತ್ತದೆ, ಮೊಮ್ಮಕ್ಕಳಿರಬಹುದು. ಆ ವರ್ಷ ಅಂಗಳದಲ್ಲಿ ನಿಂತು ನಕ್ಕವರಲ್ಲಿ ಕೆಲವರು ಇದನ್ನು ಓದುತ್ತೀರಿ ಎಂಬುದು ನನಗೆ ಗೊತ್ತು. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ ಇದನ್ನು ಅವನಿಗೆ ಓದಿ ಹೇಳಿ. ಅವನು ಹೇಳಿದ್ದೇ ಸರಿ, ಆ ಸ್ವರ ಅದರಲ್ಲಿ ಇರಲಿಲ್ಲ ಎಂದು ಮಾಸ್ತರರು ಒಪ್ಪಿಕೊಂಡಿದ್ದಾರೆಂದು ತಿಳಿಸಿ.

ಮೊಮ್ಮಗಳು ಹನ್ನೆರಡು ರಂಧ್ರಗಳದ್ದನ್ನೇ ಕೊಂಡಿದ್ದಾಳೆ. ಮೊನ್ನೆ ದೂರವಾಣಿಯಲ್ಲಿ ರಾಷ್ಟ್ರಗೀತೆ ನುಡಿಸಿ ಕೇಳಿಸಿದಳು. ನಾಡುಗಳ ಹೆಸರಿನ ಸಾಲು ಬಂದಾಗ ಗುಂಡಿ ಒತ್ತಿದ ಸಣ್ಣ ಸದ್ದು ಕೇಳಿಸಿತು, ತೀವ್ರ ಮಧ್ಯಮ ಸರಿಯಾಗಿ ಬಂತು. ಗೀತೆ ಮುಗಿಯುವವರೆಗೆ ನಾನು ಎದ್ದು ನಿಂತಿದ್ದೆ.